‘ಗ್ರೇಪ್‌ವೈನ್’ ಹಾಡಿನ ಮೂಲ ಯಾವುದು?

ಅಮೆರಿಕದ ಕಪ್ಪು ಜನರ ಚರ್ಚ್ ಗಾಯನದಿಂದ ಬೆಳೆದ ಸೋಲ್ ಸಂಗೀತದ ಪರಿಚಯವಿರುವವರ ಮುಂದೆ ‘ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್’ ಹಾಡಿನ ಪ್ರಸ್ತಾಪ ಮಾಡಿದರೆ, ಹೆಚ್ಚಿನವರಿಗೆ ಮೊದಲು ನೆನಪಾಗುವ ಹೆಸರು ಮಾರ್ವಿನ್ ಗೇ ಅವರದು. 1968ರ ಅಕ್ಟೋಬರ್ ಕೊನೆಯಲ್ಲಿ ಬಿಡುಗಡೆಯಾದ ಅವರ ಧ್ವನಿಮುದ್ರಿಕೆಯು ಡಿಸೆಂಬರ್‌ನಿಂದ ಜನವರಿಯವರೆಗೆ ಏಳು ವಾರ, ಅಮೆರಿಕದ ಜನಪ್ರಿಯ ಹಾಡುಗಳನ್ನು ಶ್ರೇಣೀಕರಿಸುವ ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಆದರೆ ಅದಕ್ಕೂ ಒಂದು ವರ್ಷ ಮೊದಲು ಇದೇ ಹಾಡು, ಇದೇ ಕಂಪನಿಯಿಂದ, ಗ್ಲ್ಯಾಡಿಸ್ ನೈಟ್ ಆ್ಯಂಡ್ ದ ಪಿಪ್ಸ್ ತಂಡದ ಧ್ವನಿಯಲ್ಲಿ ಹೊರಬಂದು ಅದೇ ಪಟ್ಟಿಯ ಎರಡನೇ ಸ್ಥಾನದವರೆಗೆ ಏರಿತ್ತು. ಹಾಗಿದ್ದರೆ ಗೇ ಹಾಡಿದ್ದನ್ನು ಕವರ್ ವರ್ಷನ್, ಅಂದರೆ ಬೇರೊಬ್ಬರ ಹಾಡಿನ ಮರುಗಾಯನ, ಎಂದು ಕರೆಯೋಣವೇ? ಅದೂ ಸರಿಹೋಗುವುದಿಲ್ಲ. ಗೇ ತಮ್ಮ ಗಾಯನವನ್ನು ಮುಗಿಸಿಕೊಟ್ಟದ್ದು 1967ರ ಏಪ್ರಿಲ್‌ನಲ್ಲಿ; ನೈಟ್ ಈ ಹಾಡಿಗಾಗಿ ಮೈಕ್ರೊಫೋನಿನ ಮುಂದೆ ನಿಂತದ್ದು ಅದೇ ವರ್ಷದ ಜೂನ್‌ನಲ್ಲಿ. ಇವರಿಬ್ಬರಿಗಿಂತ ಮೊದಲು, 1966ರ ಆಗಸ್ಟ್‌ನಲ್ಲಿಯೇ, ಸ್ಮೋಕಿ ರಾಬಿನ್ಸನ್ ಅವರ ಮಿರಾಕಲ್ಸ್ ತಂಡ ಅದನ್ನು ಹಾಡಿ ಮುಗಿಸಿತ್ತು, ಮತ್ತು ಆ ಧ್ವನಿಮುದ್ರಣ ಎರಡು ವರ್ಷ ಪೆಟ್ಟಿಗೆಯಲ್ಲೇ ಉಳಿದಿತ್ತು.

ಮುದ್ರಣದ ಕ್ರಮದಲ್ಲಿ ನೋಡಿದರೆ ಮಿರಾಕಲ್ಸ್, ಗೇ, ನೈಟ್; ಬಿಡುಗಡೆಯ ಕ್ರಮದಲ್ಲಿ ನೋಡಿದರೆ ನೈಟ್ ಮೊದಲು, ಉಳಿದಿಬ್ಬರು ಆಮೇಲೆ; ಜನರ ನೆನಪಿನಲ್ಲಿ ಗೇ ಒಬ್ಬರೇ. ಮೊದಲು ಹಾಡಿದವರದು ಮೂಲ, ಆಮೇಲೆ ಹಾಡಿದವರದು ಕವರ್ ಎಂಬ ನಮ್ಮ ಸರಳ ಲೆಕ್ಕ ಈ ಹಾಡಿಗೆ ಒಗ್ಗುವುದಿಲ್ಲ. ಇದಕ್ಕೆ ಕಾರಣ ಯಾರೋ ಒಬ್ಬರ ಮರೆವಾಗಲಿ ಮೋಸವಾಗಲಿ ಅಲ್ಲ. ಹಾಡು ಹುಟ್ಟಿದ ಮೋಟೌನ್ ಕಂಪನಿ ನಡೆಯುತ್ತಿದ್ದ ರೀತಿಯೇ ಅಂಥದ್ದು. ಅದನ್ನು ಅರ್ಥಮಾಡಿಕೊಳ್ಳದೆ ಈ ಹಾಡಿನ ಚರಿತ್ರೆ ಅರ್ಥವಾಗುವುದಿಲ್ಲ.

ಮೊದಲು ಹಾಡಿನ ಹುಟ್ಟಿನ ವಿಚಾರ. ಬ್ಯಾರೆಟ್ ಸ್ಟ್ರಾಂಗ್ 1959ರಲ್ಲಿ ‘ಮನಿ’ ಎಂಬ ಹಾಡನ್ನು ಹಾಡಿ ಮೋಟೌನ್‌ಗೆ ಅದರ ಮೊದಲ ದೊಡ್ಡ ಯಶಸ್ಸನ್ನು ತಂದುಕೊಟ್ಟ ಗಾಯಕ. ಆಮೇಲೆ ಅವರು ಕಂಪನಿ ಬಿಟ್ಟು ಷಿಕಾಗೋದಲ್ಲಿ ಕೆಲಕಾಲ ಇದ್ದರು. ಅಲ್ಲಿನ ಮಿಷಿಗನ್ ಅವೆನ್ಯೂ ಬೀದಿಯಲ್ಲಿ ನಡೆದು ಹೋಗುವಾಗ, ಗಾಳಿಮಾತಾಗಿ ಸುದ್ದಿ ತಿಳಿಯಿತು ಎಂಬುದಕ್ಕೆ ಜನ ಬಳಸುವ ‘ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್’ ಎಂಬ ಮಾತು ಕಿವಿಗೆ ಬಿದ್ದು ಹಾಡಿನ ಎಳೆ ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಡೆಟ್ರಾಯಿಟ್‌ಗೆ ಮರಳಿ ಬಂದ ಮೇಲೆ ನಾರ್ಮನ್ ವಿಟ್‌ಫೀಲ್ಡ್ ಎಂಬ ಯುವ ನಿರ್ಮಾಪಕರ ಜೊತೆ ಕೂತು ಅವರು ಅದನ್ನು ಪೂರ್ತಿಗೊಳಿಸಿದರು. ಹಾಡಿನ ವಸ್ತು ಬಹಳ ಸರಳ: ಪ್ರೀತಿಸಿದ ವ್ಯಕ್ತಿ ತನ್ನನ್ನು ಬಿಟ್ಟು ಹಳೆಯ ಪ್ರೇಮದ ಕಡೆಗೆ ಹೊರಟಿರುವ ಸಂಗತಿ ಊರಿನ ಬಾಯಿಂದ ತಿಳಿದಿದೆ, ಎದುರಿಗಿರುವವರು ಮಾತ್ರ ಬಾಯಿ ಬಿಟ್ಟಿಲ್ಲ. ನೋವು ಇರುವುದು ಅಗಲಿಕೆಯಲ್ಲಿ ಎಷ್ಟೋ ಅಷ್ಟೇ, ಆ ಸುದ್ದಿಯನ್ನು ಬೇರೆಯವರಿಂದ ಕೇಳಬೇಕಾಯಿತಲ್ಲ ಎಂಬ ಅವಮಾನದಲ್ಲಿ. ಇದೇ ಮಾತನ್ನು ಕೋಪದಿಂದ ಹಾಡಬಹುದು, ದೈನ್ಯದಿಂದ ಹಾಡಬಹುದು, ಸವಾಲು ಹಾಕುವಂತೆ ಹಾಡಬಹುದು. ಮುಂದೆ ಬಂದ ಗಾಯಕರೆಲ್ಲರಿಗೂ ಎಡೆ ಸಿಕ್ಕಿದ್ದು ಇಲ್ಲಿಯೇ.

ಈಗ ಮೋಟೌನ್. ಬೆರಿ ಗೋರ್ಡಿ 1959ರಲ್ಲಿ ಮನೆಯವರ ಉಳಿತಾಯ ನಿಧಿಯಿಂದ 800 ಡಾಲರ್ ಸಾಲ ಪಡೆದು ಕಟ್ಟಿದ ಈ ಕಂಪನಿ ಡೆಟ್ರಾಯಿಟ್‌ನ ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ರಸ್ತೆಯ ಒಂದು ಸಾಧಾರಣ ಮನೆಯಲ್ಲಿತ್ತು. ಈಗ ಅದೇ ಮನೆ ಮ್ಯೂಸಿಯಂ ಆಗಿದೆ. ಗೋರ್ಡಿ ಅದಕ್ಕೂ ಮುಂಚೆ ಲಿಂಕನ್-ಮರ್ಕ್ಯುರಿ ಕಾರು ಕಾರ್ಖಾನೆಯ ಜೋಡಣೆ ಸಾಲಿನಲ್ಲಿ ದುಡಿದವರು. ಬಿಡಿ ಚೌಕಟ್ಟಾಗಿ ಒಳಬಂದದ್ದು ಹಂತಹಂತವಾಗಿ ಕೈಬದಲಾಗುತ್ತ ಕೊನೆಗೆ ಹೊಸ ಕಾರಾಗಿ ಹೊರಹೋಗುವ ಆ ಪದ್ಧತಿಯನ್ನೇ ಸಂಗೀತಕ್ಕೂ ತರಬೇಕೆಂದು ಅವರು ಬಯಸಿದರು, ಮತ್ತು ಅದನ್ನು ಅಕ್ಷರಶಃ ಮಾಡಿ ತೋರಿಸಿದರು. ಹಾಡು ಬರೆಯುವವರು ಬೇರೆ, ನಿರ್ಮಾಪಕರು ಬೇರೆ, ವಾದ್ಯಗಾರರು ಸಂಬಳದ ಮೇಲೆ ಇದ್ದ ಬೇರೆಯೇ ಒಂದು ತಂಡ. ಗಾಯಕರು ಬರುವುದು ಬಹಳ ಸಲ ಕೊನೆಯ ಹಂತದಲ್ಲಿ. ಮುಂದೆ ಫಂಕ್ ಬ್ರದರ್ಸ್ ಎಂದು ಹೆಸರಾದ ಆ ವಾದ್ಯತಂಡ ನುಡಿಸುತ್ತಿದ್ದ ಸ್ಟುಡಿಯೊ, ಛಾವಣಿಯಿಂದ ಇಳಿಬಿದ್ದ ವೈರುಗಳಿಂದಾಗಿ ‘ಸ್ನೇಕ್ ಪಿಟ್’ ಎಂದೇ ಕರೆಸಿಕೊಂಡಿತು. ಬೇಸ್ ಗಿಟಾರಿನ ಜೇಮ್ಸ್ ಜೇಮರ್ಸನ್‌ರಂಥ ಅಸಾಧಾರಣ ಕಲಾವಿದರು ಅಲ್ಲಿದ್ದರು, ಆದರೆ ಆ ದಿನಗಳಲ್ಲಿ ಹೊರಬಂದ ಗ್ರಾಮಫೋನ್ ತಟ್ಟೆಗಳ ಮೇಲೆ ಅವರ ಹೆಸರು ಅಚ್ಚಾಗುತ್ತಿರಲಿಲ್ಲ. ಇದೊಂದು ಅನ್ಯಾಯವೆಂದು ಇಲ್ಲಿ ಹೇಳಲೇಬೇಕು. ನಾವು ‘ಮಾರ್ವಿನ್ ಗೇ ಅವರ ಹಾಡು’ ಎನ್ನುವಾಗ ನಮ್ಮ ಕಿವಿಗೆ ಬೀಳುವುದರ ಬಹುಪಾಲು ಆ ಹೆಸರಿಲ್ಲದ ಕೈಗಳ ಕೆಲಸ.

ಈ ಪದ್ಧತಿಯಲ್ಲಿ ಒಂದೇ ಹಾಡನ್ನು ಹಲವರಿಂದ ಹಾಡಿಸುವುದು ವಿಶೇಷವೇನೂ ಆಗಿರಲಿಲ್ಲ. ಅದರ ಹಿಂದೆ ಸ್ಪಷ್ಟವಾದ ಹಣಕಾಸಿನ ಲೆಕ್ಕವಿತ್ತು. ಮೋಟೌನ್ ಲೇಖಕರು ಬರೆದ ಹಾಡುಗಳ ಪ್ರಕಾಶನದ ಹಕ್ಕು ಗೋರ್ಡಿಯವರದೇ ಆದ ಜೊಬೀಟ್ ಎಂಬ ಸಂಸ್ಥೆಯ ಕೈಯಲ್ಲಿತ್ತು. ಹಾಡನ್ನು ಯಾರೇ ಹಾಡಲಿ, ಮಾರಾಟವಾದ ಪ್ರತಿಯೊಂದು ತಟ್ಟೆಗೂ ಪ್ರಕಾಶಕರಿಗೆ ಮತ್ತು ರಚನಕಾರರಿಗೆ ಪಾಲು ಸಲ್ಲುತ್ತಿತ್ತು. ಆದ್ದರಿಂದ ಒಬ್ಬರ ಧ್ವನಿಯಲ್ಲಿ ಹಿಡಿಸದ ಹಾಡನ್ನು ಇನ್ನೊಬ್ಬರ ಧ್ವನಿಯಲ್ಲಿ ಪರೀಕ್ಷಿಸುವುದು, ಗೆದ್ದ ಹಾಡನ್ನು ಇತರರ ಆಲ್ಬಮ್‌ಗಳಿಗೂ ತುಂಬುವುದು ಕಂಪನಿಗೆ ಲಾಭವೇ ಆಗಿತ್ತು. ಯಾವುದು ಬಿಡುಗಡೆಗೆ ಯೋಗ್ಯ ಎಂಬುದು ತೀರ್ಮಾನವಾಗುತ್ತಿದ್ದುದು ಶುಕ್ರವಾರದ ‘ಕ್ವಾಲಿಟಿ ಕಂಟ್ರೋಲ್’ ಸಭೆಯಲ್ಲಿ. ಹೊಸ ಮುದ್ರಣಗಳನ್ನು ಆ ವಾರ ದೇಶದಲ್ಲಿ ಮುಂಚೂಣಿಯಲ್ಲಿದ್ದ ಹಾಡುಗಳ ಜೊತೆಯಲ್ಲಿಟ್ಟು ಕೇಳಿ, ಕೂತವರು ಮತ ಹಾಕುತ್ತಿದ್ದರು. ಕೈಯಲ್ಲಿ ಒಂದೇ ಡಾಲರ್ ಇದ್ದರೆ ಈ ತಟ್ಟೆಯನ್ನು ಕೊಳ್ಳುತ್ತೀರೋ, ಸ್ಯಾಂಡ್‌ವಿಚ್ಚನ್ನು ಕೊಳ್ಳುತ್ತೀರೋ ಎಂದು ಗೋರ್ಡಿ ಕೇಳುತ್ತಿದ್ದ ಪ್ರಶ್ನೆ ಮೋಟೌನ್ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ.

‘ಗ್ರೇಪ್‌ವೈನ್’ ಈ ಪರೀಕ್ಷೆಯಲ್ಲಿ ಒಮ್ಮೆಯಲ್ಲ, ಎರಡು ಸಲ ಸೋತಿತು. ಮಿರಾಕಲ್ಸ್ ಹಾಡಿದ್ದು ಗೋರ್ಡಿಯವರಿಗೆ ಒಪ್ಪಿಗೆಯಾಗಲಿಲ್ಲ. ಸ್ಮೋಕಿ ರಾಬಿನ್ಸನ್ ಅವರ ಮೃದುವಾದ, ಎತ್ತರದ ಕಂಠದಲ್ಲಿ ಹಾಡು ಹಿತವಾಗಿ ಕೇಳಿಸುತ್ತದೆ ನಿಜ. ಅದರ ಒಳಗಿನ ಕಹಿ ಮಾತ್ರ ಹೊರಗೆ ಬರುವುದಿಲ್ಲ. ವಿಟ್‌ಫೀಲ್ಡ್ ಛಲ ಬಿಡಲಿಲ್ಲ. ಅವರು ಮುಂದೆ ಆರಿಸಿಕೊಂಡದ್ದು ಮಾರ್ವಿನ್ ಗೇ ಅವರನ್ನು.

ಗೇ ಅವರ ಮುದ್ರಣ 1967ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹಲವು ಸರದಿಗಳಲ್ಲಿ ನಡೆಯಿತು. ಒಂದೇ ಮಧ್ಯಾಹ್ನದಲ್ಲಿ ಹಾಡು ಮುಗಿಸಿ ಮುಂದಿನದಕ್ಕೆ ಹೋಗುತ್ತಿದ್ದ ಕಂಪನಿಯಲ್ಲಿ ಇಷ್ಟು ದೀರ್ಘ ಕಾಲ ತೆಗೆದುಕೊಂಡದ್ದೇ ಅಪರೂಪ. ಬಹುಪದರದ ಟೇಪಿನ ಮೇಲೆ ವಿಟ್‌ಫೀಲ್ಡ್ ಮೊದಲು ಲಯವಾದ್ಯಗಳನ್ನು, ಆಮೇಲೆ ಆಂಡಾಂಟೀಸ್ ಎಂಬ ಮೂವರು ಸಹಗಾಯಕಿಯರ ಧ್ವನಿಯನ್ನು, ಪಾಲ್ ರೈಸರ್ ಅವರು ಸಂಯೋಜಿಸಿದ ತಂತಿವಾದ್ಯಗಳನ್ನು ಒಂದರ ಮೇಲೊಂದಾಗಿ ಸೇರಿಸುತ್ತ ಹೋದರು. ತಂತಿವಾದ್ಯಗಳನ್ನು ನುಡಿಸಿದವರು ಡೆಟ್ರಾಯಿಟ್ ಸಿಂಫನಿ ಆರ್ಕೆಸ್ಟ್ರಾದ ಕಲಾವಿದರು. ನಿರ್ಮಾಪಕ ಮತ್ತು ಗಾಯಕರ ನಡುವೆ ಈ ಅವಧಿಯಲ್ಲಿ ಜಗಳವೇ ಆಯಿತು, ಮತ್ತು ಜಗಳದ ವಿಷಯ ಶ್ರುತಿ. ಗೇ ಅವರ ಕಂಠಕ್ಕೆ ಸಲೀಸಾದ ಎತ್ತರಕ್ಕಿಂತ ಮೇಲಿನ ಶ್ರುತಿಯಲ್ಲಿ ಹಾಡಬೇಕೆಂದು ವಿಟ್‌ಫೀಲ್ಡ್ ಹಟ ಹಿಡಿದರು. ಟೆಂಪ್ಟೇಷನ್ಸ್ ತಂಡದ ಡೇವಿಡ್ ರಫಿನ್ ಅವರ ಮೇಲೆ ಇದೇ ಉಪಾಯವನ್ನು ಅವರು ಮೊದಲೇ ಪ್ರಯೋಗಿಸಿ ಗೆದ್ದಿದ್ದರು. ಸುಲಭವಾಗಿ ಹಾಡಬಲ್ಲ ಗಾಯಕನಿಗೆ ಹಾಡುವುದು ಕಷ್ಟವಾಗಬೇಕು, ಆ ಕಷ್ಟ ಕೇಳುವವರಿಗೆ ತಿಳಿಯಬೇಕು ಎಂಬುದು ಅವರ ತರ್ಕ.

ಅದರ ಫಲವನ್ನು ಹತ್ತಿರದಿಂದ ಕೇಳಿಸಿಕೊಳ್ಳಬೇಕು. ಹಾಡು ಎಲೆಕ್ಟ್ರಿಕ್ ಪಿಯಾನೊದ ತಗ್ಗಿದ, ಹೊಂಚುಹಾಕುವಂಥ ಒಂದು ಸಣ್ಣ ಸ್ವರಗುಚ್ಛದಿಂದ ಆರಂಭವಾಗುತ್ತದೆ. ಹಿಂದೆಯೇ ಟ್ಯಾಂಬೊರೀನಿನ ಗಿಲಕು, ಆಮೇಲೆ ಡ್ರಮ್ಮು, ಕೊಂಬು, ತಂತಿವಾದ್ಯಗಳು ಒಂದೊಂದಾಗಿ ಬಂದು ಸೇರುತ್ತವೆ. ಗಾಯಕ ಬಾಯಿ ತೆರೆಯುವ ಹೊತ್ತಿಗೆ ಕೆಟ್ಟ ಸುದ್ದಿ ಕಾದಿದೆ ಎಂಬುದು ನಮಗೆ ಗೊತ್ತಾಗಿಬಿಟ್ಟಿರುತ್ತದೆ. ಹಾಡಿನ ಶ್ರುತಿ ‘ಈ ಫ್ಲ್ಯಾಟ್ ಮೈನರ್’. ಸಾಮಾನ್ಯವಾಗಿ ಶೋಕದ ಛಾಯೆ ಕೊಡುವ ಮೈನರ್ ಶ್ರುತಿಯ ಹಾಡಾದರೂ ಇದರಲ್ಲಿ ಮಧ್ಯಮದ ಮೇಲೆ ಕಟ್ಟಿದ ಸ್ವರಮೇಳ, ಅಂದರೆ ‘ಎ ಫ್ಲ್ಯಾಟ್’ ಕಾರ್ಡ್, ನೆಮ್ಮದಿಯ ಛಾಯೆಯ ಮೇಜರ್ ಆಗಿದೆ. ಕರ್ನಾಟಕ ಸಂಗೀತದ ಭಾಷೆಯಲ್ಲಿ ಹೇಳುವುದಾದರೆ ಸಾಧಾರಣ ಗಾಂಧಾರದ ಜೊತೆ ಚತುಶ್ರುತಿ ಧೈವತ ಬಂದು ಕೂರುತ್ತದೆ. ಖರಹರಪ್ರಿಯದ ಸ್ವರಗಳನ್ನು ಬಲ್ಲವರಿಗೆ ಈ ಜೋಡಿ ಪರಿಚಿತ. ಅದರ ಮಗ್ಗುಲಲ್ಲೇ ಪಂಚಮದ ಮೇಲಿನ ಕಾರ್ಡ್ ಕಾಕಲಿ ನಿಷಾದವನ್ನೂ ಒಳಗೆ ತರುತ್ತದೆ. ಹೀಗಾಗಿ ಹಾಡು ಪೂರ್ತಿ ಶೋಕಕ್ಕೂ ಇಳಿಯುವುದಿಲ್ಲ, ನೆಮ್ಮದಿಗೂ ಬರುವುದಿಲ್ಲ. ಅನುಮಾನದಲ್ಲಿ ಬೇಯುವ ಮನಸ್ಸಿಗೆ ಇದಕ್ಕಿಂತ ತಕ್ಕ ಸ್ವರವ್ಯವಸ್ಥೆ ಸಿಗುವುದು ಕಷ್ಟ. ಗೇ ಅವರ ಧ್ವನಿ ಮೇಲಿನ ಸ್ವರಗಳಿಗೆ ಹೋದಾಗ ಒಡೆಯುವ ಅಂಚಿಗೆ ಬಂದು ನಿಲ್ಲುತ್ತದೆ, ತುಸು ಗೊಗ್ಗರಾಗುತ್ತದೆ. ಗಂಡಸು ಅಳಬಾರದೆಂದು ಗೊತ್ತು, ಆದರೂ ಈ ಕಣ್ಣೀರನ್ನು ತಡೆಹಿಡಿಯಲಾರೆ ಎಂಬ ಅರ್ಥದ ಸಾಲು ಬರುವುದು ಅಂಥ ಎತ್ತರದಲ್ಲಿ. ವಿಟ್‌ಫೀಲ್ಡ್ ಅವರ ಹಟ ಸರಿಯಾಗಿತ್ತು ಎನ್ನಲು ಆ ಒಂದು ಸಾಲೇ ಸಾಕು.

ಇಷ್ಟಾದರೂ ಕಂಪನಿ ಒಪ್ಪಲಿಲ್ಲ. 1967ರ ಬೇಸಿಗೆಯಲ್ಲಿ ಗೇ ಅವರ ಹೊಸ ಸಿಂಗಲ್ ಆಗಿ, ಅಂದರೆ ಆಲ್ಬಮ್ಮಿನಿಂದ ಬೇರೆಯಾಗಿ ಮಾರುವ ಬಿಡಿ ಹಾಡಾಗಿ, ಮೋಟೌನ್‌ನ ಮೂವರು ರಚನಕಾರರಾದ ಹಾಲಂಡ್-ಡೋಜಿಯರ್-ಹಾಲಂಡ್ ಬರೆದ ‘ಯುವರ್ ಅನ್‌ಚೇಂಜಿಂಗ್ ಲವ್’ ಬಿಡುಗಡೆಯಾಯಿತು. ‘ಗ್ರೇಪ್‌ವೈನ್’ ಟೇಪು ಕಪಾಟಿಗೆ ಹೋಯಿತು.

ಅದೇ ಬೇಸಿಗೆಯಲ್ಲಿ ಅಮೆರಿಕದ ರೇಡಿಯೊಗಳನ್ನು ಆಳುತ್ತಿದ್ದುದು ಅರೀಥಾ ಫ್ರ್ಯಾಂಕ್ಲಿನ್ ಅವರ ‘ರೆಸ್ಪೆಕ್ಟ್’. ಅದು ಸಹ ಮೂಲತಃ ಇನ್ನೊಬ್ಬರ ಹಾಡು. 1965ರಲ್ಲಿ ಓಟಿಸ್ ರೆಡಿಂಗ್ ತಾವೇ ಬರೆದು ಹಾಡಿದ್ದನ್ನು, ಹೆಂಗಸೊಬ್ಬಳು ಮನೆಯ ಗಂಡಸಿಗೆ ಹಾಕುವ ಬೇಡಿಕೆಯಾಗಿ ತಿರುಗಿಸಿ, ಪದದ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುವ ಭಾಗವನ್ನು ಹೊಸದಾಗಿ ಸೇರಿಸಿ ಫ್ರ್ಯಾಂಕ್ಲಿನ್ ಅದನ್ನು ತಮ್ಮದಾಗಿಸಿಕೊಂಡಿದ್ದರು. ಹುಡುಗಿಯೊಬ್ಬಳು ತನ್ನಿಂದ ಕಸಿದುಕೊಂಡ ಹಾಡು ಇದು ಎಂದು ಓಟಿಸ್ ಸ್ವತಃ ಕ್ಯಾಲಿಫೋರ್ನಿಯಾದ ಮಾಂಟರೇ ಸಂಗೀತ ಉತ್ಸವದ ವೇದಿಕೆಯಲ್ಲಿ ಪ್ರೀತಿಯಿಂದಲೇ ಹೇಳಿದರು. ವಿಟ್‌ಫೀಲ್ಡ್ ಇದನ್ನು ಸವಾಲಾಗಿ ತೆಗೆದುಕೊಂಡರು. ಅರೀಥಾ ಅವರ ಹಾಡಿನ ಬಿಸಿಯನ್ನು ಮೀರಿಸುವಂಥದ್ದನ್ನು ಮೋಟೌನ್‌ನಿಂದ ತರಬೇಕೆಂದು ನಿಶ್ಚಯಿಸಿ, ಚರ್ಚ್ ಗಾಯನದ ಪರಂಪರೆಯಲ್ಲಿ ಬೆಳೆದಿದ್ದ, ಜಾರ್ಜಿಯಾ ರಾಜ್ಯದ ಅಟ್ಲಾಂಟಾದ ಗ್ಲ್ಯಾಡಿಸ್ ನೈಟ್ ಅವರ ಮುಂದೆ ಅದೇ ‘ಗ್ರೇಪ್‌ವೈನ್’ ಅನ್ನು ಇಟ್ಟರು.

ನೈಟ್ ಜೊತೆಗಿದ್ದ ಪಿಪ್ಸ್ ಎಂದರೆ ಅವರ ಅಣ್ಣ ಮೆರಾಲ್ಡ್ ಮತ್ತು ಸೋದರ ಸಂಬಂಧಿಗಳಾದ ಎಡ್ವರ್ಡ್ ಪ್ಯಾಟನ್, ವಿಲಿಯಂ ಗೆಸ್ಟ್. ಗೇ ಹಾಡಿನಲ್ಲಿ ಸಹಗಾಯಕಿಯರು ದೂರದಲ್ಲಿ ಗುಸುಗುಸು ಮಾತಾಡುವ ಊರಿನವರಂತೆ ಕೇಳಿಸಿದರೆ, ಇಲ್ಲಿ ಪಿಪ್ಸ್ ಎದುರಿಗೇ ನಿಂತು ನೈಟ್ ಹೇಳಿದ ಪ್ರತಿ ಮಾತಿಗೂ ಹೌದು ಹೌದೆಂದು ದನಿಗೂಡಿಸುತ್ತಾರೆ. ಪಿಯಾನೊ, ಡ್ರಮ್ಮು, ಟ್ಯಾಂಬೊರೀನುಗಳು ಭಾನುವಾರದ ಪ್ರಾರ್ಥನಾ ಮಂದಿರದ ಹುರುಪಿನಲ್ಲಿ ಓಡುತ್ತವೆ. ಗಂಡಸು ಅಳಬಾರದು ಎಂಬ ಸಾಲು ಇಲ್ಲಿಲ್ಲ. ಅದರ ಬದಲು ನನ್ನ ಕಣ್ಣೀರನ್ನು ಸರಿಯಾಗಿ ನೋಡು ಎಂದು ಆಕೆ ಆಜ್ಞೆ ಮಾಡುತ್ತಾರೆ. ಗೇ ಅವರದು ಮೋಸ ಹೋದವನ ಯಾತನೆಯಾದರೆ, ನೈಟ್ ಅವರದು ಮೋಸ ಮಾಡಿದವನನ್ನು ಕಟಕಟೆಯಲ್ಲಿ ನಿಲ್ಲಿಸುವ ವಿಚಾರಣೆ. 1967ರ ಸೆಪ್ಟೆಂಬರ್‌ನಲ್ಲಿ ಮೋಟೌನ್‌ನ ‘ಸೋಲ್’ ಲೇಬಲ್ಲಿನಲ್ಲಿ ಬಂದ ಈ ತಟ್ಟೆ, ಕಪ್ಪು ಜನರ ಸಂಗೀತಕ್ಕೆಂದೇ ಇದ್ದ ಆರ್ ಆ್ಯಂಡ್ ಬಿ (ರಿದಮ್ ಆ್ಯಂಡ್ ಬ್ಲೂಸ್) ಪಟ್ಟಿಯಲ್ಲಿ ಮೊದಲ ಸ್ಥಾನವನ್ನು ಹಿಡಿಯಿತು. ಪಾಪ್ ಪಟ್ಟಿಯಲ್ಲಿ ಮಂಕೀಸ್ ತಂಡದ ‘ಡೇ ಡ್ರೀಮ್ ಬಿಲೀವರ್’ ಅದನ್ನು ಎರಡನೇ ಸ್ಥಾನದಲ್ಲಿ ತಡೆಯಿತು. ಆವರೆಗಿನ ಮೋಟೌನ್ ಸಿಂಗಲ್‌ಗಳಲ್ಲೇ ಅತಿ ಹೆಚ್ಚು ಮಾರಾಟವಾದದ್ದು ಅದು ಎಂದು ಹೇಳಲಾಗುತ್ತದೆ. ಗೇ ಅವರ ಹಾಡಿನ ಹೊಳಪಿನಲ್ಲಿ ಈ ಧ್ವನಿಮುದ್ರಣ ಮಸುಕಾದದ್ದು ನನಗೆ ಯಾವಾಗಲೂ ಬೇಸರದ ಸಂಗತಿ.

ಹಾಡು ಹೀಗೆ ಒಮ್ಮೆ ಗೆದ್ದ ಮೇಲೆ ಕಪಾಟಿನ ಟೇಪಿಗೆ ಇನ್ನು ಅವಕಾಶವಿಲ್ಲವೆಂದೇ ಎಲ್ಲರೂ ತಿಳಿಯಬೇಕಿತ್ತು. ಆದರೆ ವಿಟ್‌ಫೀಲ್ಡ್ ಪಟ್ಟು ಬಿಡದೆ, 1968ರ ಆಗಸ್ಟ್‌ನಲ್ಲಿ ಬಂದ ಗೇ ಅವರ ‘ಇನ್ ದ ಗ್ರೂವ್’ ಆಲ್ಬಮ್ಮಿನಲ್ಲಿ ಅದನ್ನು ಒಂದು ಹಾಡಾಗಿ ಸೇರಿಸಿದರು. ಮಿರಾಕಲ್ಸ್ ಹಾಡಿದ್ದು ಸಹ ಅದೇ ಸುಮಾರಿಗೆ ಅವರ ಆಲ್ಬಮ್ಮೊಂದರಲ್ಲಿ ಹೊರಬಂದಿತು. ಮುಂದಿನದನ್ನು ಮಾಡಿದವರು ರೇಡಿಯೊದವರು. ಷಿಕಾಗೋದ ಡಬ್ಲ್ಯುವಿಒಎನ್ ಕೇಂದ್ರದ ಇ. ರಾಡ್ನಿ ಜೋನ್ಸ್ ಆ ಹಾಡನ್ನು ಆಲ್ಬಮ್ಮಿನಿಂದಲೇ ತೆಗೆದು ಪ್ರಸಾರ ಮಾಡಿದಾಗ ಕೇಳುಗರ ಫೋನುಗಳು ಬಿಡುವಿಲ್ಲದೆ ಬಂದವು. ಉಳಿದ ಕೇಂದ್ರಗಳೂ ಹಾಡನ್ನು ಹಿಡಿದವು. ಕೊನೆಗೆ ಗೋರ್ಡಿ ಅದನ್ನು ಸಿಂಗಲ್ ಆಗಿ ಬಿಡುಗಡೆ ಮಾಡಬೇಕಾಯಿತು. ಸಭೆಯಲ್ಲಿ ಬಿದ್ದುಹೋಗಿದ್ದ ಹಾಡು ನೈಟ್ ಅವರ ಮಾರಾಟವನ್ನೂ ಮೀರಿತು, 1969ರ ಮಾರ್ಚ್‌ನಲ್ಲಿ ಬ್ರಿಟನ್ನಿನಲ್ಲಿಯೂ ಮೊದಲ ಸ್ಥಾನಕ್ಕೆ ಬಂದಿತು, ಮತ್ತು ಆಲ್ಬಮ್ಮಿಗೆ ಆ ಹಾಡಿನ ಹೆಸರನ್ನೇ ಇಡಲಾಯಿತು. ಯುಗಳಗೀತೆಗಳಲ್ಲಿ ತಮ್ಮ ಜೊತೆಗಾತಿಯಾಗಿದ್ದ ಟ್ಯಾಮಿ ಟೆರೆಲ್ ಮೆದುಳಿನ ಗೆಡ್ಡೆಯಿಂದ ನರಳುತ್ತಿದ್ದ ಆ ದಿನಗಳಲ್ಲಿ ಗೇ ಅವರಿಗೆ ಈ ಗೆಲುವು ಸಂತೋಷ ತರಲಿಲ್ಲ.

ಮೋಟೌನ್ ಗೋಡೆಯ ಹೊರಗೆ ಈ ಹಾಡು ಹರಡಿದ ಬಗೆಯನ್ನು ತಿಳಿಯಲು ಅಮೆರಿಕದ ಕಾನೂನಿನ ಒಂದು ಅಂಶ ಗೊತ್ತಿರಬೇಕು. ಒಂದು ಹಾಡಿನಲ್ಲಿ ಎರಡು ಬೇರೆ ಬೇರೆ ಸ್ವತ್ತುಗಳಿವೆ: ಸಾಹಿತ್ಯ ಮತ್ತು ರಾಗ ಸೇರಿದ ರಚನೆ ಒಂದು, ಅದನ್ನು ಯಾರೋ ಹಾಡಿ ನುಡಿಸಿದ ನಿರ್ದಿಷ್ಟ ಧ್ವನಿಮುದ್ರಣ ಇನ್ನೊಂದು. ತಾನೇ ನುಡಿಯುವ ಪಿಯಾನೊಗಳ ಕಾಗದದ ಸುರುಳಿಗಳು ರಚನೆಯ ನಕಲಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1908ರಲ್ಲಿ ತೀರ್ಪು ಕೊಟ್ಟಿತು. ಮರುವರ್ಷದ ಕಾಯ್ದೆ ರಚನಕಾರರಿಗೆ ಇಂಥ ಯಾಂತ್ರಿಕ ಮುದ್ರಣಗಳ ಮೇಲೂ ಹಕ್ಕನ್ನು ಕೊಟ್ಟಿತಾದರೂ, ಯಾವುದೇ ಒಂದು ಕಂಪನಿ ಹಾಡುಗಳನ್ನೆಲ್ಲ ಗುತ್ತಿಗೆ ಹಿಡಿಯಬಾರದೆಂದು ಒಂದು ಕಟ್ಟಳೆಯನ್ನು ಜೋಡಿಸಿತು: ರಚನಕಾರರು ಒಮ್ಮೆ ಒಬ್ಬರಿಗೆ ಮುದ್ರಣದ ಅನುಮತಿ ಕೊಟ್ಟರೆ, ಆಮೇಲೆ ಯಾರು ಬೇಕಾದರೂ ಪ್ರತಿಯೊಂದಕ್ಕೆ 2 ಸೆಂಟ್‌ನಂತೆ ಹಣ ಕಟ್ಟಿ ಅದೇ ರಚನೆಯನ್ನು ಮತ್ತೆ ಮುದ್ರಿಸಬಹುದು. ಈ ದರ 1978ರವರೆಗೂ ಬದಲಾಗಲಿಲ್ಲ. ಕವರ್ ವರ್ಷನ್ನಿಗೆ ಗೇ ಅವರ ಒಪ್ಪಿಗೆಯಾಗಲಿ ನೈಟ್ ಅವರ ಒಪ್ಪಿಗೆಯಾಗಲಿ ಬೇಕಿರಲಿಲ್ಲ. ಹಣ ಸೇರಬೇಕಾದದ್ದು ಜೊಬೀಟ್‌ಗೆ, ಅಲ್ಲಿಂದ ವಿಟ್‌ಫೀಲ್ಡ್ ಮತ್ತು ಸ್ಟ್ರಾಂಗ್‌ಗೆ. ರೇಡಿಯೊ ವಿಷಯದಲ್ಲಿಯೂ ಹಾಗೆಯೇ. ಅಮೆರಿಕದ ಸಾಮಾನ್ಯ ರೇಡಿಯೊ ಕೇಂದ್ರಗಳು ಪ್ರಸಾರಕ್ಕಾಗಿ ರಚನಕಾರರಿಗೆ ಮತ್ತು ಪ್ರಕಾಶಕರಿಗೆ ಹಣ ಕೊಡುತ್ತವೆಯೇ ಹೊರತು ಹಾಡಿದವರಿಗಲ್ಲ.

ಹೀಗೆ ಬಂದ ಕವರ್‌ಗಳಲ್ಲಿ ಹೆಚ್ಚಿನವು ಗೇ ಅಥವಾ ನೈಟ್ ಅವರ ಅಚ್ಚಿನಲ್ಲೇ ಇವೆ. ಅವುಗಳನ್ನು ಇಲ್ಲಿ ಎಣಿಸುವ ಅಗತ್ಯವಿಲ್ಲ. ಮೂರನ್ನು ಮಾತ್ರ ಬೇರೆ ತೆಗೆದಿಡಬೇಕು. ಕ್ಯಾಲಿಫೋರ್ನಿಯಾದ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡ 1970ರ ‘ಕಾಸ್ಮೋಸ್ ಫ್ಯಾಕ್ಟರಿ’ ಆಲ್ಬಮ್ಮಿನಲ್ಲಿ ಗೇ ಅವರ ನಿಧಾನ ನಡೆಯನ್ನೇ ಇಟ್ಟುಕೊಂಡು, ಮೂರು ನಿಮಿಷದ ಹಾಡನ್ನು ಹನ್ನೊಂದು ನಿಮಿಷಕ್ಕೆ ಬೆಳೆಸಿತು. ಸಾಹಿತ್ಯ ಮುಗಿದ ಮೇಲೆ ಜಾನ್ ಫೋಗರ್ಟಿ ಅವರ ಗಿಟಾರ್, ಬದಲಾಗದ ಬೇಸ್ ಮತ್ತು ಡ್ರಮ್ಮಿನ ಮೇಲೆ, ಅದೇ ಅನುಮಾನವನ್ನು ಮಾತಿಲ್ಲದೆ ಕೆದಕುತ್ತ ಹೋಗುತ್ತದೆ. 1979ರಲ್ಲಿ ಲಂಡನ್ನಿನ ಹುಡುಗಿಯರ ಪಂಕ್ ತಂಡ ಸ್ಲಿಟ್ಸ್, ಜಮೈಕಾದ ರೆಗೆ ಸಂಗೀತದ ಭಾರವಾದ ಬೇಸ್ ಮೇಲೆ ಹಾಡನ್ನು ಕೂರಿಸಿ, ಗ್ರೇಪ್‌ವೈನ್ ಎಂಬಲ್ಲಿ ಒಮ್ಮೊಮ್ಮೆ ‘ಬೇಸ್‌ಲೈನ್’ ಎಂದೇ ಹಾಡಿತು. ತಂತಿವಾದ್ಯಗಳ ಸೊಬಗೆಲ್ಲ ಕಳಚಿ ಬಿದ್ದ ಮೇಲೂ ಹಾಡು ನಿಲ್ಲಬಲ್ಲದು ಎಂಬುದನ್ನು ತೋರಿಸಿದ ಮುದ್ರಣ ಅದು. 1981ರಲ್ಲಿ ಓಹಾಯೊದ ರೋಜರ್ ಟ್ರೌಟ್‌ಮನ್, ವಾದ್ಯದ ದನಿಯನ್ನು ಕೊಳವೆಯ ಮೂಲಕ ಬಾಯಿಗೆ ತಂದು ಪದಗಳಾಗಿ ರೂಪಿಸುವ ‘ಟಾಕ್ ಬಾಕ್ಸ್’ ಸಾಧನದಿಂದ ಇದನ್ನು ಫಂಕ್ ನೃತ್ಯಗೀತೆಯಾಗಿಸಿದರು. ನೈಟ್ ಮತ್ತು ಗೇ ನಂತರ ಮೂರನೇ ಸಲ ಈ ಹಾಡು ಆರ್ ಆ್ಯಂಡ್ ಬಿ ಪಟ್ಟಿಯ ತುದಿಗೇರಿತು.

ರಚನೆ ಮತ್ತು ಧ್ವನಿಮುದ್ರಣದ ನಡುವಿನ ವ್ಯತ್ಯಾಸ ಜಾಹೀರಾತಿನಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ. 1985ರಲ್ಲಿ ಬ್ರಿಟನ್ನಿನ ಟಿವಿಯಲ್ಲಿ ಬಂದ ಲೀವೈಸ್ ಜೀನ್ಸ್ ಜಾಹೀರಾತಿನಲ್ಲಿ ಕೇಳಿಸಿದ್ದು ಗೇ ಅವರ ಶೈಲಿಯನ್ನು ಅನುಸರಿಸಿ ಬೇರೆಯವರಿಂದ ಹೊಸದಾಗಿ ಹಾಡಿಸಿದ ಮುದ್ರಣ. ಆದರೂ ಜನ ಅಂಗಡಿಗೆ ಹೋಗಿ ಕೇಳಿದ್ದು ಗೇ ಅವರ ತಟ್ಟೆಯನ್ನೇ. ಅವರು ತೀರಿಕೊಂಡು ಎರಡು ವರ್ಷವಾದ ಮೇಲೆ, 1986ರಲ್ಲಿ, ಅದು ಮರುಬಿಡುಗಡೆಯಾಗಿ ಅಲ್ಲಿನ ಪಟ್ಟಿಯ ಎಂಟನೇ ಸ್ಥಾನಕ್ಕೆ ಬಂದಿತು. ಅದೇ ವರ್ಷ ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾದ ಒಣದ್ರಾಕ್ಷಿ ಮಾರುವವರು ಮಣ್ಣಿನ ಗೊಂಬೆಗಳ ಆ್ಯನಿಮೇಷನ್‌ಗೆ ಬಡಿ ಮೈಲ್ಸ್ ಅವರ ಧ್ವನಿಯಲ್ಲಿ ಇದೇ ಹಾಡನ್ನು ಹಾಡಿಸಿದರು, ಮತ್ತು ಒಂದು ಪೀಳಿಗೆಯ ಮಕ್ಕಳಿಗೆ ಈ ಹಾಡಿನ ಮೊದಲ ಪರಿಚಯವಾದದ್ದು ಕುಣಿಯುವ ಒಣದ್ರಾಕ್ಷಿಗಳಿಂದ. ಗ್ರ್ಯಾಮಿ ಹಾಲ್ ಆಫ್ ಫೇಮ್ ಗೌರವ ಗೇ ಅವರ ಮುದ್ರಣಕ್ಕೆ 1998ರಲ್ಲಿ ಬಂದರೆ, ನೈಟ್ ಅವರದಕ್ಕೆ ಸಿಗಲು 2018ರವರೆಗೆ ಕಾಯಬೇಕಾಯಿತು.

ಈ ಹಾಡನ್ನು ಹೊಸದಾಗಿ ಕೇಳಹೊರಟವರಿಗೆ ನನ್ನ ಸಲಹೆ, ಬಿಡುಗಡೆಯ ಕ್ರಮವನ್ನು ಬದಿಗಿಟ್ಟು ಮುದ್ರಣದ ಕ್ರಮವನ್ನು ಹಿಡಿಯುವುದು. ಮೊದಲು ಮಿರಾಕಲ್ಸ್ ಕೇಳಿ, ಅಲ್ಲಿ ಏನು ಕೊರತೆಯೆಂದು ಗೋರ್ಡಿಯವರಿಗೆ ಅನ್ನಿಸಿದ್ದಿರಬಹುದು ಎಂಬುದನ್ನು ಗಮನಿಸಬೇಕು. ಆಮೇಲೆ ಗೇ ಅವರದನ್ನು, ಸಾಧ್ಯವಾದರೆ ವಾದ್ಯಗಳಿಲ್ಲದೆ ಬರೀ ಗಾಯನವಷ್ಟೇ ಇರುವ ಟ್ರ್ಯಾಕನ್ನೂ ಕೇಳಬೇಕು. ಮೇಲಿನ ಸ್ವರಗಳಿಗಾಗಿ ಆ ಕಂಠ ಪಡುವ ಶ್ರಮ ಅಲ್ಲಿ ಯಾವ ಮರೆಯೂ ಇಲ್ಲದೆ ಕೇಳಿಸುತ್ತದೆ. ಅದಾದ ತಕ್ಷಣ ನೈಟ್ ಅವರ ಹಾಡಿಗೆ ಬಂದರೆ, ಅದೇ ನಿರ್ಮಾಪಕ, ಅದೇ ಕಂಪನಿ, ಹೆಚ್ಚೂಕಡಿಮೆ ಅದೇ ಸಾಹಿತ್ಯ ಇದ್ದರೂ ಹಾಡು ಮೊದಲ ಸಾಲಿನಿಂದಲೇ ಬೇರೊಬ್ಬ ವ್ಯಕ್ತಿಯ ಮಾತಾಗಿ ಕೇಳಿಸುತ್ತದೆ.